ಕರೆಂಟ್ ಹೋದ ಹೊತ್ತಿನ ತೀರ್ಪು

2021ರ ಜುಲೈ 18ರ ಭಾನುವಾರ ಸಂಜೆ ಶಿವಮೊಗ್ಗದಲ್ಲಿ ಆಷಾಢದ ಮಳೆ ಹಿಡಿದು ಕೂತಿತ್ತು. ವಿನೋಬನಗರದ ಗೆಳೆಯನ ಮನೆಯ ಮಹಡಿಯ ಕೋಣೆಯಲ್ಲಿ ನಾವು ಆರು ಜನ ಸೇರಿದ್ದೆವು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆಯುವ ಫಾರ್ಮುಲಾ ಒನ್ ಕಾರ್ ರೇಸ್, ಬ್ರಿಟಿಷ್ ಗ್ರ್ಯಾಂಡ್ ಪ್ರಿ, ನಮ್ಮ ಗಡಿಯಾರದಲ್ಲಿ ಏಳೂವರೆಗೆ ಶುರುವಾಯಿತು. ಮೊದಲ ಸುತ್ತಿನಲ್ಲೇ ಲೂಯಿಸ್ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವರ್ಸ್ಟಾಪೆನ್ ಒಬ್ಬರ ಪಕ್ಕದಲ್ಲೊಬ್ಬರು ಕಾಪ್ಸ್ ತಿರುವಿಗೆ ನುಗ್ಗಿದರು, ಎರಡು ಕಾರುಗಳು ತಾಗಿದವು, ವರ್ಸ್ಟಾಪೆನ್ ಕಾರು ಜಲ್ಲಿಯ ಮೇಲೆ ಜಾರುತ್ತಾ ಹೋಗಿ ಟಯರ್ ಗೋಡೆಗೆ ಬಡಿಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್‌ವರ್ಟರ್‌ಗೆ ಒಂದು ಬಲ್ಬು ಮತ್ತು ಫ್ಯಾನಿನ ಹೊರತು ಬೇರೇನನ್ನೂ ಜೋಡಿಸಿರಲಿಲ್ಲ. ಮೊಬೈಲಿನಲ್ಲಾದರೂ ನೋಡೋಣವೆಂದರೆ ಆ ಮಳೆಗೆ ನೆಟ್‌ವರ್ಕ್ ಒಂದು ಕಡ್ಡಿ ತೋರಿಸಿ ಮಾಯವಾಗುತ್ತಿತ್ತು.

ಹೀಗೆ ನಾವು ಆರು ಜನರೂ ಆ ಡಿಕ್ಕಿಯನ್ನು ಒಂದೇ ಒಂದು ಸಲ, ಅದೂ ಎರಡು ಮೂರು ಸೆಕೆಂಡಿನಷ್ಟು, ನೋಡಿದ್ದೆವು. ರೀಪ್ಲೇ ಯಾರೂ ನೋಡಿರಲಿಲ್ಲ. ಆದರೂ ಸುಮಾರು ಅರ್ಧ ಗಂಟೆ ಆ ಮಂದ ಬೆಳಕಿನಲ್ಲಿ ನಡೆದ ವಾದವನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಹ್ಯಾಮಿಲ್ಟನ್ ಅಭಿಮಾನಿಗಳಾದ ನಾವು ಮೂವರು, ಒಳಗಿನಿಂದ ಬಂದವನು ಆಗಲೇ ಪಕ್ಕಕ್ಕೆ ಬಂದಿದ್ದ, ಅವನಿಗೆ ಜಾಗ ಬಿಡಬೇಕಿತ್ತು ಎಂದೆವು. ವರ್ಸ್ಟಾಪೆನ್ ಕಡೆಯ ಇಬ್ಬರು, ಮುಂದಿದ್ದವನ ಹಿಂದಿನ ಚಕ್ರಕ್ಕೆ ಬಂದು ಗುದ್ದುವುದು ಯಾವ ನ್ಯಾಯ ಎಂದರು. ಫೆರಾರಿಯ ಅಭಿಮಾನಿಯೊಬ್ಬ ಮಾತ್ರ, "ಎಂತ ಮಾರಾಯ್ರೇ, ಸರಿಯಾಗಿ ಕಂಡದ್ದು ಯಾರಿಗೆ?" ಎಂದು ಕೇಳಿ ಸುಮ್ಮನಾದ. ಕರೆಂಟ್ ಬಂದಾಗ ಕೆಂಪು ಬಾವುಟದಿಂದಾಗಿ ರೇಸ್ ಇನ್ನೂ ನಿಂತೇ ಇತ್ತು, ಪರದೆಯ ಮೇಲೆ ಅದೇ ಡಿಕ್ಕಿಯನ್ನು ನಾಲ್ಕು ಕೋನಗಳಿಂದ ನಿಧಾನವಾಗಿ ತೋರಿಸುತ್ತಿದ್ದರು. ನಾವೆಲ್ಲ ಮುಂದಕ್ಕೆ ಬಗ್ಗಿ ನೋಡಿದೆವು. ನೋಡಿ ಮುಗಿಸಿ ಮೂವರು ಮೊದಲು ಹೇಳಿದ್ದನ್ನೇ ಹೇಳಿದೆವು, ಇಬ್ಬರು ಮೊದಲು ಹೇಳಿದ್ದನ್ನೇ ಹೇಳಿದರು. ಒಬ್ಬನ ಅಭಿಪ್ರಾಯವೂ ಕೂದಲೆಳೆಯಷ್ಟು ಅತ್ತಿತ್ತ ಆಗಲಿಲ್ಲ.

ಆ ರಾತ್ರಿ ಮನೆಗೆ ಬಂದು ಮಲಗಿದಾಗ ನನ್ನನ್ನು ಕಾಡಿದ್ದು ಡಿಕ್ಕಿಗಿಂತ ಹೆಚ್ಚಾಗಿ ಈ ಸಂಗತಿ. ಕಣ್ಣಿಗೆ ಕಂಡದ್ದರ ಮೇಲೆ ನಾವು ತೀರ್ಪು ಕೊಟ್ಟಿದ್ದೇ ಆಗಿದ್ದರೆ, ಕತ್ತಲಲ್ಲಿ ಕೊಟ್ಟ ತೀರ್ಪು ಬೆಳಕಿನಲ್ಲಿ ಒಂದಿಷ್ಟಾದರೂ ಬದಲಾಗಬೇಕಿತ್ತು.

ನಡೆದದ್ದೇನೆಂದು ಈಗ ಸಮಾಧಾನದಿಂದ ಹೇಳಬಹುದು. ಕಾಪ್ಸ್ ಬಲಕ್ಕೆ ಹೊರಳುವ ಅತಿ ವೇಗದ ತಿರುವು. ಹ್ಯಾಮಿಲ್ಟನ್ ಒಳಗಿನಿಂದ, ಅಂದರೆ ಬಲಗಡೆಯಿಂದ ಹೋದ. ಅವನ ಎಡ ಮುಂಚಕ್ರ ವರ್ಸ್ಟಾಪೆನ್‌ನ ಬಲ ಹಿಂಚಕ್ರಕ್ಕೆ ತಾಗಿತು. ಗೋಡೆಗೆ ಬಡಿದ ಹೊಡೆತ ಗುರುತ್ವದ 51 ಪಟ್ಟು ಎಂದು ವರದಿಯಾಯಿತು, ವರ್ಸ್ಟಾಪೆನ್‌ನನ್ನು ತಪಾಸಣೆಗೆ ಆಸ್ಪತ್ರೆಗೆ ಕರೆದೊಯ್ದರು. ರೇಸಿನ ತೀರ್ಪುಗಾರರು, ಅಂದರೆ ಸ್ಟೀವರ್ಡ್‌ಗಳು, ಹ್ಯಾಮಿಲ್ಟನ್‌ಗೆ ತಿರುವಿನ ಒಳಅಂಚಿನ ಕಡೆ ಇನ್ನೂ ಜಾಗವಿದ್ದರೂ ಅವನು ಅದನ್ನು ಬಳಸಲಿಲ್ಲ, ಹಾಗಾಗಿ ತಪ್ಪು ಬಹುಪಾಲು ಅವನದು ಎಂದು ನಿರ್ಧರಿಸಿ 10 ಸೆಕೆಂಡಿನ ದಂಡ ವಿಧಿಸಿದರು. ಆ ದಂಡವನ್ನು ತೀರಿಸಿಯೂ ಅವನು ರೇಸ್ ಗೆದ್ದ. ವರ್ಸ್ಟಾಪೆನ್‌ನ ರೆಡ್ ಬುಲ್ ತಂಡ ತೀರ್ಪನ್ನು ಮರುಪರಿಶೀಲಿಸಬೇಕೆಂದು ಕೋರಿದ್ದನ್ನು ಈ ರೇಸುಗಳ ನಿಯಮ ನೋಡಿಕೊಳ್ಳುವ ಅಂತರರಾಷ್ಟ್ರೀಯ ಒಕ್ಕೂಟದ ಸ್ಟೀವರ್ಡ್‌ಗಳು ತಳ್ಳಿಹಾಕಿದರು.

ನನಗೆ ಹೆಚ್ಚು ಪಾಠ ಕಲಿಸಿದ್ದು ಅದೇ ರೇಸಿನ ಕೊನೆಯ ಭಾಗ. ಇನ್ನೆರಡು ಸುತ್ತು ಬಾಕಿಯಿರುವಾಗ ಹ್ಯಾಮಿಲ್ಟನ್ ಅದೇ ಕಾಪ್ಸ್ ತಿರುವಿನಲ್ಲಿ, ಅದೇ ಒಳಗಿನಿಂದ, ಮುಂದಿದ್ದ ಶಾರ್ಲ್ ಲೆಕ್ಲೇರ್‌ನನ್ನು ಹಿಂದಿಕ್ಕಿದ. ಈ ಸಲ ಡಿಕ್ಕಿಯಾಗಲಿಲ್ಲ. ಹ್ಯಾಮಿಲ್ಟನ್ ಒಳಅಂಚಿಗೆ ಅಂಟಿಕೊಂಡೇ ಹೋದ, ಲೆಕ್ಲೇರ್ ಹೊರಕ್ಕೆ ಸರಿದು ಟ್ರ್ಯಾಕಿನ ಆಚೆ ಹೋಗಿ ಬಂದ. ನಾನು ತಕ್ಷಣ ಕೈ ತಟ್ಟಿ, "ನೋಡಿದ್ರಾ, ಲೆಕ್ಲೇರ್ ಜಾಗ ಬಿಟ್ಟ, ಏನೂ ಆಗಲಿಲ್ಲ. ವರ್ಸ್ಟಾಪೆನ್ ಬಿಟ್ಟಿದ್ರೆ ಆಗಲೂ ಆಗ್ತಿರಲಿಲ್ಲ" ಎಂದೆ. ಅದೇ ಉಸಿರಿನಲ್ಲಿ ಎದುರು ಕುಳಿತವನು, "ನೋಡಿದ್ಯಾ, ಈ ಸಲ ಇವನು ಒಳಗೆ ಹೋದ, ಏನೂ ಆಗಲಿಲ್ಲ. ಆಗಲೂ ಹಾಗೇ ಹೋಗಬಹುದಿತ್ತಲ್ಲ" ಎಂದ. ಇಬ್ಬರ ಸಾಕ್ಷಿಯೂ ಒಂದೇ ದೃಶ್ಯ. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ನಾನು ಹೇಳಿದ ನಿಜ ನನ್ನ ಕಡೆಯವನಿಗೆ ಅನುಕೂಲವಾದದ್ದು, ಅವನು ಹೇಳಿದ್ದು ಅವನ ಕಡೆಯವನಿಗೆ.

ಅಂದಿನಿಂದ ಇಂಥ ಜಗಳಗಳನ್ನು ನಾನು ಗಮನವಿಟ್ಟು ಕೇಳತೊಡಗಿದೆ. ನನಗೆ ಹೊಳೆದದ್ದು ಇಷ್ಟು: ಡಿಕ್ಕಿಯ ಕಥೆಯನ್ನು ಎಲ್ಲಿಂದ ಶುರು ಮಾಡುತ್ತೇವೆ ಎಂಬುದರಲ್ಲೇ ಅಪರಾಧಿ ಯಾರೆಂಬುದು ಮುಕ್ಕಾಲು ಪಾಲು ನಿರ್ಧಾರವಾಗಿಬಿಡುತ್ತದೆ. ಸಿಲ್ವರ್‌ಸ್ಟೋನ್ ಕಥೆಯನ್ನು ಕಾಪ್ಸ್‌ನಿಂದಲೇ ಶುರು ಮಾಡಿದರೆ ಹ್ಯಾಮಿಲ್ಟನ್ ತಪ್ಪಿತಸ್ಥ. ಆ ಸುತ್ತಿನ ಹಿಂದಿನ ತಿರುವುಗಳಿಂದ, ವರ್ಸ್ಟಾಪೆನ್ ಪಟ್ಟು ಬಿಡದೆ ಅಡ್ಡ ಬಂದ ಕ್ಷಣಗಳಿಂದ ಶುರು ಮಾಡಿದರೆ ತೂಕ ಆ ಕಡೆಗೆ ವಾಲುತ್ತದೆ. ಆ ವರ್ಷದ ಹಿಂದಿನ ರೇಸುಗಳಲ್ಲಿ ಹ್ಯಾಮಿಲ್ಟನ್ ಡಿಕ್ಕಿ ತಪ್ಪಿಸಲು ಹಿಂದೆ ಸರಿದ ಸಂದರ್ಭಗಳಿಂದ ಶುರು ಮಾಡಿದರೆ ಅದು ಬೇರೆಯದೇ ಕಥೆ. ನಾವು ಯಾರೂ ಸುಳ್ಳು ಹೇಳಬೇಕಾಗಿಲ್ಲ. ನಮಗೆ ಬೇಕಾದ ಕಡೆಯಿಂದ ಶುರು ಮಾಡಿದರೆ ಸಾಕು.

ಇದರ ಅತಿ ದೊಡ್ಡ ಉದಾಹರಣೆ ಜಪಾನಿನ ಸುಜುಕಾದಲ್ಲಿ 1989 ಮತ್ತು 1990ರಲ್ಲಿ ನಡೆದದ್ದು. 1989ರಲ್ಲಿ ಅಲೆನ್ ಪ್ರಾಸ್ಟ್ ಮತ್ತು ಐರ್ಟನ್ ಸೆನ್ನಾ ಇಬ್ಬರೂ ಮೆಕ್‌ಲಾರೆನ್ ತಂಡದಲ್ಲೇ ಇದ್ದರು. ಚಾಂಪಿಯನ್‌ಷಿಪ್ ಉಳಿಸಿಕೊಳ್ಳಲು ಸೆನ್ನಾ ಗೆಲ್ಲಲೇಬೇಕಿತ್ತು, ಮುಂದಿದ್ದವನು ಪ್ರಾಸ್ಟ್. 53 ಸುತ್ತುಗಳ ರೇಸಿನ 47ನೇ ಸುತ್ತಿನಲ್ಲಿ, ಕೊನೆಯ ಶಿಕೇನ್‌ನಲ್ಲಿ, ಅಂದರೆ ಒಡನೊಡನೆ ಎಡಬಲಕ್ಕೆ ಹೊರಳುವ ಜೋಡಿ ತಿರುವಿನಲ್ಲಿ, ಸೆನ್ನಾ ಬಹಳ ಹಿಂದಿನಿಂದ ಒಳಕ್ಕೆ ನುಗ್ಗಿದ. ಪ್ರಾಸ್ಟ್ ತಿರುವು ತೆಗೆದುಕೊಂಡ. ಎರಡೂ ಕಾರುಗಳು ಹೆಣೆದುಕೊಂಡು ನಿಂತವು. ಪ್ರಾಸ್ಟ್ ಇಳಿದು ನಡೆದ. ಸೆನ್ನಾ ಟ್ರ್ಯಾಕಿನ ಸಿಬ್ಬಂದಿಯಾದ ಮಾರ್ಷಲ್‌ಗಳಿಂದ ತಳ್ಳಿಸಿಕೊಂಡು ಮತ್ತೆ ಹೊರಟು, ಮುರಿದ ಮೂತಿಯನ್ನು ತಂಡಗಳು ಕಾರು ರಿಪೇರಿ ಮಾಡುವ ಪಿಟ್‌ನಲ್ಲಿ ಬದಲಾಯಿಸಿಕೊಂಡು, ಅಲೆಸ್ಸಾಂಡ್ರೋ ನನ್ನಿನಿಯನ್ನು ಹಿಂದಿಕ್ಕಿ ಮೊದಲಿಗನಾಗಿ ಗುರಿ ಮುಟ್ಟಿದ. ಆದರೆ ಶಿಕೇನ್ ತಪ್ಪಿಸಿ ಟ್ರ್ಯಾಕ್ ಸೇರಿದ ಕಾರಣಕ್ಕೆ ಅವನನ್ನು ಅನರ್ಹಗೊಳಿಸಿದರು. ನನ್ನಿನಿ ಗೆದ್ದ, ಪ್ರಾಸ್ಟ್ ಚಾಂಪಿಯನ್ ಆದ.

ಮರುವರ್ಷ ಪ್ರಾಸ್ಟ್ ಫೆರಾರಿಗೆ ಹೋಗಿದ್ದ. ಈಗ ಲೆಕ್ಕ ತಿರುಗಿತ್ತು, ಪ್ರಾಸ್ಟ್ ಅಂಕ ಗಳಿಸದಿದ್ದರೆ ಸೆನ್ನಾನೇ ಚಾಂಪಿಯನ್. ಸೆನ್ನಾ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಗಳಿಸಿದರೂ ಸುಜುಕಾದಲ್ಲಿ ಪೋಲ್‌ನ ಜಾಗ ಟ್ರ್ಯಾಕಿನ ಕೊಳಕು ಬದಿಯಲ್ಲಿತ್ತು. ಕಾರುಗಳು ಸದಾ ಓಡುವ ಸಾಲಿನಲ್ಲಿ ಟಯರಿನ ರಬ್ಬರ್ ಅಂಟಿ ಹಿಡಿತ ಸಿಗುತ್ತದೆ, ಆಚೆ ಬದಿಯಲ್ಲಿ ದೂಳು ಕೂತು ಚಕ್ರ ಜಾರುತ್ತದೆ. ಜಾಗ ಬದಲಿಸಿಕೊಡಿ ಎಂಬ ಸೆನ್ನಾನ ಕೋರಿಕೆಯನ್ನು ಅಧಿಕಾರಿಗಳು ಒಪ್ಪಲಿಲ್ಲ. ಅವನು ನಿರೀಕ್ಷಿಸಿದಂತೆಯೇ ಪ್ರಾಸ್ಟ್ ಮೊದಲು ಜಿಗಿದ. ಮೊದಲ ತಿರುವಿನಲ್ಲಿ ಸೆನ್ನಾ ಹಿಂದೆ ಸರಿಯಲೇ ಇಲ್ಲ. ಇಬ್ಬರೂ ಜಲ್ಲಿಗೆ ಹೋದರು, ಸೆನ್ನಾ ಚಾಂಪಿಯನ್ ಆದ. ಒಂದು ವರ್ಷದ ನಂತರ ತನ್ನ ಮೂರನೆಯ ಚಾಂಪಿಯನ್‌ಷಿಪ್ ಗೆದ್ದಾಗ, ಅಂದು ಹಿಂದೆ ಸರಿಯಬಾರದೆಂದು ಮೊದಲೇ ನಿರ್ಧರಿಸಿಕೊಂಡಿದ್ದೆ ಎಂದು ಅವನೇ ಬಹಿರಂಗವಾಗಿ ಒಪ್ಪಿಕೊಂಡ.

ಸೆನ್ನಾನನ್ನು ದೇವರೆಂದು ನಂಬುವ ಹಿರಿಯ ಸ್ನೇಹಿತರೊಬ್ಬರು ಸಾಗರದಲ್ಲಿದ್ದಾರೆ. 1990ರ ಕಥೆಯನ್ನು ಅವರು ಮೊದಲ ತಿರುವಿನಿಂದ ಎಂದೂ ಶುರು ಮಾಡಿದವರಲ್ಲ. ಕೊಳಕು ಬದಿಯಿಂದಲೋ, ಹಿಂದಿನ ವರ್ಷದ ಅನರ್ಹತೆಯಿಂದಲೋ ಆರಂಭವಾಗುವ ಅವರ ಕಥೆ ಡಿಕ್ಕಿಗೆ ಬಂದು ಮುಟ್ಟುವ ಹೊತ್ತಿಗೆ ಕೇಳುವವರ ಮನಸ್ಸಿನಲ್ಲಿ ಅದೊಂದು ನ್ಯಾಯದ ಸೇಡಾಗಿ ಸಿದ್ಧವಾಗಿರುತ್ತದೆ. ಅವರ ಮೇಲೆ ನನಗೆ ಅಪಾರ ಗೌರವವಿದೆ, ಸೆನ್ನಾಗೆ ಆಗಿದ್ದ ನೋವು ನಿಜವೆಂದು ನಾನೂ ನಂಬುತ್ತೇನೆ. ಆದರೆ ಅವನ ಹಿಂದೆ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಅದೇ ತಿರುವಿಗೆ ನುಗ್ಗಿ ಬರುತ್ತಿದ್ದವು. ಕೊಳಕು ಬದಿಯ ಅನ್ಯಾಯದಲ್ಲಿ ಅವರ್ಯಾರಿಗೂ ಪಾಲಿರಲಿಲ್ಲ. ಅಷ್ಟು ವೇಗದಲ್ಲಿ ಬೇಕೆಂದೇ ತಾಗುವುದನ್ನು ಹಿಂದಿನ ಯಾವ ಅನ್ಯಾಯವೂ ಸರಿಯಾಗಿಸಲಾರದು ಎಂಬ ಮಾತಿನಲ್ಲಿ ಈಗ ನನಗೆ ಅನುಮಾನವಿಲ್ಲ, ಅವರೆದುರು ಅದನ್ನು ಹೇಳಿಯೂ ಇದ್ದೇನೆ. ಅವರು ಒಪ್ಪಲಿಲ್ಲ, ಕಾಫಿ ಕೊಟ್ಟು ಕಳಿಸಿದರು.

ನನ್ನ ಸ್ವಂತ ದೇವರು ಜರ್ಮನಿಯ ಮೈಕೆಲ್ ಶುಮಾಕರ್. 1997ರ ಅಕ್ಟೋಬರ್‌ನಲ್ಲಿ ನಾನು ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಓದುತ್ತಿದ್ದೆ, ಪಕ್ಕದ ಮನೆಯ ಕೇಬಲ್ ಟಿ.ವಿ.ಯಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ನಡೆದ ಆ ವರ್ಷದ ಕೊನೆಯ ರೇಸ್ ನೋಡಿದೆ. ಶುಮಾಕರ್‌ಗೆ ಒಂದೇ ಒಂದು ಅಂಕದ ಮುನ್ನಡೆ. 48ನೇ ಸುತ್ತಿನಲ್ಲಿ ಚಾಂಪಿಯನ್‌ಷಿಪ್ ಪೈಪೋಟಿಯಲ್ಲಿದ್ದ ಜಾಕ್ ವಿಲ್ನವ್ ಒಳಗಿನಿಂದ ಬಂದಾಗ ಶುಮಾಕರ್ ಅವನತ್ತ ಸ್ಟಿಯರಿಂಗ್ ತಿರುಗಿಸಿದ್ದು ಕಾರಿನೊಳಗಿನ ಕ್ಯಾಮೆರಾದಲ್ಲಿ ಯಾರಿಗೂ ಕಾಣುವಂತಿದೆ. ಶುಮಾಕರ್ ಜಲ್ಲಿಯಲ್ಲಿ ಸಿಕ್ಕಿಕೊಂಡ, ವಿಲ್ನವ್ ಮೂರನೆಯವನಾಗಿ ಮುಗಿಸಿ ಚಾಂಪಿಯನ್ ಆದ. ಅಂದಿನ ಸ್ಟೀವರ್ಡ್‌ಗಳು ಅದನ್ನು ರೇಸಿನಲ್ಲಿ ಸಹಜವಾಗಿ ಆಗುವ ಘಟನೆ ಎಂದು ಬಿಟ್ಟರು. ಎರಡು ವಾರಗಳ ನಂತರ ಅಂತರರಾಷ್ಟ್ರೀಯ ಒಕ್ಕೂಟ ಶುಮಾಕರ್‌ನನ್ನು ಆ ವರ್ಷದ ಚಾಂಪಿಯನ್‌ಷಿಪ್ ಪಟ್ಟಿಯಿಂದಲೇ ತೆಗೆದುಹಾಕಿತು. ಆ ಎರಡು ವಾರ ನಾನು ಶಾಲೆಯಲ್ಲಿ ಎಲ್ಲರೊಂದಿಗೂ ಜಗಳವಾಡಿದೆ. ಸ್ಟೀವರ್ಡ್‌ಗಳ ತೀರ್ಪು ಅಂತಿಮ ಎಂಬುದು ನನ್ನ ವಾದವಾಗಿತ್ತು. ಒಕ್ಕೂಟದ ತೀರ್ಪು ಬಂದ ಮೇಲೆ, ತೀರ್ಪು ಕೊಡುವವರಿಗೆ ರೇಸ್ ಓಡಿಸುವ ಕಷ್ಟ ಏನು ಗೊತ್ತು ಎಂಬುದು ವಾದವಾಯಿತು. ಶುಮಾಕರ್ ಸ್ವತಃ ತನ್ನದು ತಪ್ಪೆಂದು ಒಪ್ಪಿಕೊಂಡ ನಂತರವೂ ನಾನು ಒಪ್ಪಿರಲಿಲ್ಲ.

ಸ್ಟೀವರ್ಡ್‌ಗಳು ಎಲ್ಲ ಸಲವೂ ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ಅನುಸರಿಸಲು ಯತ್ನಿಸುವ ಒಂದು ಶಿಸ್ತು ನಮ್ಮ ಕಡೆಯ ರಸ್ತೆ ಪಂಚಾಯಿತಿಗೆ ಎಂದೂ ಒಗ್ಗಿದ್ದಿಲ್ಲ. ಡಿಕ್ಕಿಗೆ ಕಾರಣವಾದ ಚಾಲನೆಯನ್ನು ಅಳೆಯಬೇಕು, ಅದರಿಂದಾದ ನಷ್ಟವನ್ನಲ್ಲ ಎಂಬುದು ಆ ಶಿಸ್ತು. ನಮ್ಮಲ್ಲಿ ಬೈಕಿಗೂ ಲಾರಿಗೂ ತಾಗಿದರೆ ತಪ್ಪು ಲಾರಿಯದು, ಸೈಕಲ್ಲಿಗೂ ಬೈಕಿಗೂ ತಾಗಿದರೆ ಬೈಕಿನದು. ಯಾರಿಗೆ ಪೆಟ್ಟಾಯಿತೋ ಅವರು ನಿರಪರಾಧಿ. ಆ ಮರುಕದಲ್ಲಿ ಮನುಷ್ಯತ್ವ ಇದೆ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಗಾಯ ನೋಡಿ ತಪ್ಪು ತೂಗಿದರೆ, ಒಂದೇ ತಪ್ಪಿಗೆ ಒಂದು ದಿನ ಕ್ಷಮೆ, ಇನ್ನೊಂದು ದಿನ ಹೊಡೆತ ಸಿಗುತ್ತದೆ. ಸಿಲ್ವರ್‌ಸ್ಟೋನ್‌ನಲ್ಲೂ ಜನರ ಸಿಟ್ಟಿಗೆ ಕಾರಣ ಇದೇ, ಒಬ್ಬ ಆಸ್ಪತ್ರೆಗೆ ಹೋದ, ಇನ್ನೊಬ್ಬ ಗೆದ್ದು ಬಾವುಟ ಬೀಸಿದ. ಸ್ಟೀವರ್ಡ್‌ಗಳು ಕೂಡ ಈ ಶಿಸ್ತನ್ನು ಸದಾ ಪಾಲಿಸಿಲ್ಲ. 2012ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮೊದಲ ತಿರುವಿನ ಸರಣಿ ಡಿಕ್ಕಿಗೆ ಕಾರಣನಾದ ರೊಮೆನ್ ಗ್ರೋಸ್ಜಾನ್‌ಗೆ ಒಂದು ರೇಸಿನ ನಿಷೇಧ ಹಾಕಿದಾಗ, ಚಾಂಪಿಯನ್‌ಷಿಪ್ ಪೈಪೋಟಿಯಲ್ಲಿದ್ದವರು ಆ ಡಿಕ್ಕಿಯಿಂದ ಹೊರಬಿದ್ದದ್ದನ್ನೂ ತೀರ್ಪಿನಲ್ಲಿ ಹೇಳಿದ್ದರು.

ಯಾರ ತಪ್ಪು ಎಂಬ ಪ್ರಶ್ನೆಗೆ ಒಬ್ಬನ ಹೆಸರು ಸಿಗದ ಸಂದರ್ಭಗಳೂ ಇವೆ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಮೈಕ್ ಹಾಥಾರ್ನ್ ಪಿಟ್‌ಗೆ ಬರಲು ಬ್ರೇಕ್ ಹಾಕಿದ, ಅವನ ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿದ, ಹಿಂದಿನಿಂದ ಬಂದ ಪಿಯೆರ್ ಲೆವೆಯ ಮರ್ಸಿಡಿಸ್ ಮ್ಯಾಕ್ಲಿನ್ ಕಾರಿನ ಮೇಲೇರಿ ಹಾರಿ ಚೂರಾಯಿತು. ಚೂರುಗಳು ಜನರ ನಡುವೆ ಬಿದ್ದು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು, ಲೆವೆಯೂ ಸತ್ತ. ತನಿಖೆ ಯಾವ ಚಾಲಕನನ್ನೂ ಹೊಣೆ ಮಾಡಲಿಲ್ಲ. ಪಿಟ್‌ಗಳ ಮುಂದಿನ ಆ ಕಿರಿದಾದ ರಸ್ತೆಯನ್ನು ಅಷ್ಟು ವೇಗದ ಕಾರುಗಳಿಗಾಗಿ ಕಟ್ಟಿಯೇ ಇರಲಿಲ್ಲ. ಅಲ್ಲಿ ಪಿಟ್‌ಗೆ ಬೇರೆ ದಾರಿಯೇ ಇರಲಿಲ್ಲ, ಪ್ರೇಕ್ಷಕರಿಗೂ ಟ್ರ್ಯಾಕಿಗೂ ನಡುವೆ ಒಂದು ಮಣ್ಣಿನ ದಿಬ್ಬ ಮಾತ್ರವಿತ್ತು. ಆದರೂ ಹಾಥಾರ್ನ್ ತಪ್ಪೋ ಮ್ಯಾಕ್ಲಿನ್ ತಪ್ಪೋ ಎಂಬ ವಾದ ದಶಕಗಳ ಕಾಲ ನಡೆಯಿತು. ಬಯ್ಯುವುದಕ್ಕೆ ಕಿರಿದಾದ ರಸ್ತೆಗಿಂತ ಮನುಷ್ಯನ ಮುಖ ಸುಲಭ.

ಆ ಸುಲಭದ ಬೆಲೆ ಯಾರು ತೆರುತ್ತಾರೆಂಬುದನ್ನು ಹೇಳದೆ ಈ ವಿಷಯ ದಾಟಲಾರೆ. ಸಿಲ್ವರ್‌ಸ್ಟೋನ್ ಡಿಕ್ಕಿಯ ನಂತರ ಹ್ಯಾಮಿಲ್ಟನ್ ಮೇಲೆ ಅವನ ಬಣ್ಣ ಹಿಡಿದು ಬೈಗುಳದ ಮಳೆ ಸುರಿಯಿತು, ಅದನ್ನು ಖಂಡಿಸಿ ಫಾರ್ಮುಲಾ ಒನ್, ಒಕ್ಕೂಟ ಮತ್ತು ಅವನ ತಂಡ ಹೇಳಿಕೆ ಕೊಡಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಬುಧಾಬಿಯ ಕೊನೆಯ ಸುತ್ತುಗಳಲ್ಲಿ ಗೋಡೆಗೆ ಗುದ್ದಿಕೊಂಡ ನಿಕೊಲಸ್ ಲಟೀಫಿಗೆ ಕೊಲೆ ಬೆದರಿಕೆಗಳು ಬಂದವು. ಅವನ ಡಿಕ್ಕಿ ಚಾಂಪಿಯನ್‌ಷಿಪ್ ಪೈಪೋಟಿಯ ಇಬ್ಬರಲ್ಲಿ ಯಾರಿಗೂ ತಾಗಿರಲಿಲ್ಲ. ಆದರೆ ಅದರಿಂದಾಗಿ ಕಾರುಗಳು ನಿಧಾನವಾಗಿ ಹತ್ತಿರ ಸೇರಿದವು, ಕೊನೆಯ ಸುತ್ತಿನಲ್ಲಿ ವರ್ಸ್ಟಾಪೆನ್ ಮುಂದಿದ್ದ ಹ್ಯಾಮಿಲ್ಟನ್‌ನನ್ನು ಹಿಂದಿಕ್ಕಿ ಚಾಂಪಿಯನ್ ಆದ. ಹ್ಯಾಮಿಲ್ಟನ್ ಸೋಲಿನ ಕಥೆಯನ್ನು ಆ ಗೋಡೆಯಿಂದ ಶುರು ಮಾಡಲು ಕೆಲವರು ನಿರ್ಧರಿಸಿದ್ದರು, ಅಷ್ಟೇ. ಅವರು ನನ್ನ ಕಡೆಯವರು, ಹ್ಯಾಮಿಲ್ಟನ್ ಅಭಿಮಾನಿಗಳು.

ನಮ್ಮ ವಿನೋಬನಗರದ ಗುಂಪಿನಲ್ಲಿ ವಾದ ಈಗಲೂ ಜೋರಾಗಿಯೇ ನಡೆಯುತ್ತದೆ, ನಡೆಯಬೇಕು, ಇಲ್ಲದಿದ್ದರೆ ರೇಸ್ ನೋಡುವುದರಲ್ಲಿ ಅರ್ಧ ಸುಖವೇ ಇಲ್ಲ. ಆದರೆ ಸಿಲ್ವರ್‌ಸ್ಟೋನ್ ಆದ ಎರಡು ತಿಂಗಳಿಗೆ ಇಟಲಿಯ ಮೊಂಜಾದಲ್ಲಿ ವರ್ಸ್ಟಾಪೆನ್ ಕಾರು ಹ್ಯಾಮಿಲ್ಟನ್ ತಲೆಯ ಮೇಲೇರಿ, ಚಾಲಕನ ತಲೆಗೆ ರಕ್ಷಣೆಯಾಗಿ 2018ರಿಂದ ಕಡ್ಡಾಯವಾದ ಹೇಲೋ ಕಮಾನು ಅವನ ಜೀವ ಉಳಿಸಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಜಾಗ ಇಲ್ಲದಿದ್ದ ಮೇಲೆ ಹಿಂದೆ ಸರೀಬೇಕಿತ್ತು" ಎಂಬುದಾಗಿತ್ತು. ಫೆರಾರಿಯವನು ನನ್ನನ್ನು ನೋಡಿ, "ಕಾಪ್ಸ್‌ನಲ್ಲಿ ಇದನ್ನು ಯಾರಿಗೆ ಹೇಳಿದ್ದೆ ಮಾರಾಯ?" ಎಂದು ಕೇಳಿದ. ಸ್ಟೀವರ್ಡ್‌ಗಳು ಆ ಸಲ ಬಹುಪಾಲು ತಪ್ಪು ವರ್ಸ್ಟಾಪೆನ್‌ನದೆಂದೇ ಹೇಳಿ ಮುಂದಿನ ರೇಸನ್ನು ಮೂರು ಸ್ಥಾನ ಹಿಂದಿನಿಂದ ಶುರು ಮಾಡುವ ದಂಡ ಹಾಕಿದರು. ನನ್ನ ತೀರ್ಪು ಅವರ ತೀರ್ಪಿಗೆ ಹೊಂದಿತ್ತು. ಆದರೂ ಅವನ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಮರುವರ್ಷದ ಜನವರಿಯಲ್ಲಿ ಉಡುಪಿಯ ಕಡೆ ಒಂದು ಮದುವೆಗೆ ಹೋಗಲು ನಾನು ಆಗುಂಬೆ ಘಾಟಿ ಇಳಿಯುತ್ತಿದ್ದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ ದೊಡ್ಡ ಬಸ್ಸುಗಳು ತಿರುಗಲಾರವು, ಮಿನಿ ಬಸ್ಸುಗಳೇ ಓಡಾಡುತ್ತವೆ. ಕೆಳಗಿನ ಒಂದು ತಿರುವಿನಲ್ಲಿ ಹತ್ತಿ ಬರುತ್ತಿದ್ದ ಮಿನಿ ಬಸ್ಸಿನ ಮೂಲೆ ನನ್ನ ಕಾರಿನ ಬಲಗಡೆಗೆ ತಾಗಿ, ಮುಂದಿನ ಚಕ್ರದಿಂದ ಹಿಂದಿನ ಬಾಗಿಲವರೆಗೆ ಉದ್ದಕ್ಕೂ ಗೀರಿತು. ಬಸ್ಸಿನವರು ಬಸ್ಸಿನ ಪರ, ನನ್ನ ಹಿಂದಿದ್ದ ಕಾರುಗಳವರು ನನ್ನ ಪರ. ಹಿಂದೆ ಮುಂದೆ ಗಾಡಿಗಳು ಸಾಲುಗಟ್ಟಿದವು. ಬಸ್ಸು ದೊಡ್ಡದು, ಹಾಗಾಗಿ ಮಾತು ನನ್ನ ಕಡೆಗೇ ತೂಗಿತು. ಹೊತ್ತಾಗುತ್ತಿದ್ದ ಆ ಚಾಲಕ ಕೊನೆಗೆ ಜೇಬಿನಿಂದ ಎರಡು ಸಾವಿರ ರೂಪಾಯಿ ತೆಗೆದು ಕೊಟ್ಟ. ನಾನು ತೆಗೆದುಕೊಂಡೆ. ಮದುವೆಮನೆಯಲ್ಲಿ ಎರಡು ದಿನ ಅದೇ ಕಥೆ ಹೇಳಿದೆ: ತಿರುವಿನಲ್ಲಿ ಒಮ್ಮೆಲೇ ಬಸ್ಸು ಎದುರಾಯಿತು.

ವಾಪಸ್ ಬರುವಾಗ ತೀರ್ಥಹಳ್ಳಿಯಲ್ಲಿ ದೊಡ್ಡಪ್ಪನ ಮನೆಗೆ ಹೋದೆ. ಅವರು ಮೂವತ್ತು ವರ್ಷ ಅಡಿಕೆ ಲಾರಿ ಓಡಿಸಿದವರು, ಹುಲಿಕಲ್ ಘಾಟಿಯನ್ನು ಮಳೆಗಾಲದ ಮಂಜಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಹತ್ತಿ ಇಳಿದವರು. ನಾನು ಕಥೆ ಹೇಳುತ್ತಿದ್ದರೆ ಅವರು ಕೇಳಿಯೂ ಕೇಳದವರಂತೆ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೀರಿನ ಮೇಲೆ ಹೆಬ್ಬೆರಳು ಎಳೆಯುತ್ತಾ ಮುಂದಿನಿಂದ ಹಿಂದಕ್ಕೆ ಹೋದರು. ಗೀರು ಶುರುವಾದ ಕಡೆ ಆಳವಾಗಿತ್ತು, ಅಲ್ಲಿಂದ ಬಾಗಿಲವರೆಗೂ ದಾರ ಹಿಡಿದಂತೆ ಒಂದೇ ಎತ್ತರದಲ್ಲಿತ್ತು.

"ಬಸ್ಸು ನಿಂತಿತ್ತು ಕಣಾ" ಎಂದರು. "ಅದೂ ಓಡ್ತಿದ್ರೆ ಗೀರು ಹಿಂಗೆ ನೇರ ಬರ್ತಿರಲಿಲ್ಲ, ಮೇಲೆ ಕೆಳಗೆ ಆಗ್ತಿತ್ತು."

"ಅಲ್ಲ ದೊಡ್ಡಪ್ಪ, ತಿರುವಿನಲ್ಲಿ ಒಮ್ಮೆಲೇ..."

"ಅದು ಆಮೇಲಿನ ಮಾತು. ನೀ ಇಳೀತಿದ್ಯೋ, ಹತ್ತುತಿದ್ಯೋ?"

ಘಾಟಿಯಲ್ಲಿ ಅಗಲ ಸಾಲದ ಕಡೆ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಕೊಡಬೇಕು. ಹತ್ತುವ ಗಾಡಿ ನಿಂತರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರಿದರೆ ಇನ್ನೂ ಅಪಾಯ. ಕಾನೂನಿನ ಪುಸ್ತಕದಲ್ಲೂ ಈ ನಿಯಮ ಇದೆ, ದೊಡ್ಡಪ್ಪನಂಥವರಿಗೆ ಅದು ಕಾನೂನಿಗೂ ಮೊದಲೇ ಗೊತ್ತಿತ್ತು. ಆ ಬಸ್ಸಿನ ಚಾಲಕ ನನಗಾಗಿ ಹತ್ತುವ ಗಾಡಿಯನ್ನೇ ನಿಲ್ಲಿಸಿದ್ದ. ನನ್ನ ಕಥೆ ಬಸ್ಸು ಕಂಡ ಕ್ಷಣದಿಂದ ಶುರುವಾಗುತ್ತಿತ್ತು. ಅದಕ್ಕೆ ಮೊದಲು ನಾನು ಹಾರ್ನ್ ಹಾಕಿರಲಿಲ್ಲ, ಗೇರ್ ಇಳಿಸಿರಲಿಲ್ಲ.

"ಇಳೀತಿದ್ದೆ" ಎಂದೆ.

ಮುಂದಿನ ಶನಿವಾರ ಆಗುಂಬೆ ಬಸ್ ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಾದೆ. ಆ ಮಿನಿ ಬಸ್ಸು ಬಂದು ನಿಂತಾಗ ಚಾಲಕನ ಹತ್ತಿರ ಹೋಗಿ ಯಾರೆಂದು ಹೇಳಿ ಎರಡು ಸಾವಿರ ರೂಪಾಯಿ ಕೊಟ್ಟೆ, ತಪ್ಪು ನನ್ನದಿತ್ತು ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ದುಡ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಟೈಮಾಯಿತೆಂದು ಸೀಟು ಹತ್ತಿದರು. ಬಸ್ಸಿನ ಮುಂದಿನ ಬಲ ಮೂಲೆಯಲ್ಲಿ ನನ್ನ ಕಾರಿನ ನೀಲಿ ಬಣ್ಣ ಇನ್ನೂ ಅಂಟಿಕೊಂಡಿತ್ತು.